ಮೋಟಾರು ದೋಣಿಯೂ ಅದರ ಉಪಚಾರವೂ

ಗಬ್ಬೂರಿನಲ್ಲಿ ಕುಳಿತು ಮೋಟಾರು ದೋಣಿಯನ್ನು ಕುರಿತು ಬರೆಯಹೊರಟವನನ್ನು ನೋಡಿ ನಗುವವರು ಇದ್ದಾರು. ದೇವಾಲಯಗಳಿಗೂ ಶಾಸನಗಳಿಗೂ ಹೆಸರಾದ ಈ ಊರಿನ ಮಗ್ಗುಲಲ್ಲಿ ನದಿ ಹರಿಯುವುದಿಲ್ಲವೆಂಬುದು ನಿಜ. ಆದರೆ ಉತ್ತರಕ್ಕೆ ಕೃಷ್ಣೆಯನ್ನೂ, ದಕ್ಷಿಣದಲ್ಲಿ ಮಾನ್ವಿಯ ಆಚೆ ತುಂಗಭದ್ರೆಯನ್ನೂ ಮೇರೆಯಾಗಿ ಪಡೆದು, ಆ ಕಾರಣದಿಂದಲೇ ರಾಯಚೂರು ದೋಆಬವೆಂದು ಇತಿಹಾಸದಲ್ಲಿ ಪ್ರಸಿದ್ಧವಾದ ಪ್ರದೇಶದಲ್ಲಿ ಹುಟ್ಟಿದವನಿಗೆ ದೋಣಿಯ ಮಾತು ಪರಕೀಯವಾಗಲಾರದು. ಹತ್ತಿ, ಭತ್ತ, ಮೆಣಸಿನಕಾಯಿಗಳಿಂದ ನಾಲ್ಕು ಕಾಸು ಕೂಡಿಸಿದ ತರುಣನೊಬ್ಬನು, ಗೂಗಲ್ಲಿನ ಬ್ಯಾರೇಜಿನಲ್ಲಿ ನಿಂತ ನೀರನ್ನು ಕಂಡು, ಸ್ವಂತದ ಯಂತ್ರದೋಣಿಯೊಂದನ್ನು ಕೊಂಡು ಮಿತ್ರರೊಡನೆ ವಿಹರಿಸಬೇಕೆಂದು ಆಶಿಸಿದರೆ ಆ ಆಶೆಯನ್ನು ಹಳಿಯುವವನು ನಾನಲ್ಲ. ನನ್ನ ಆಕ್ಷೇಪವಿರುವುದು ಬೇರೆಡೆ. ದೋಣಿಯ ಬೆಲೆಯನ್ನು ಕೇಳುವವರು ಅದರ ಉಪಚಾರದ ಬೆಲೆಯನ್ನು ಕೇಳುವುದಿಲ್ಲ. ಈ ದೋಷವು ವಿಹಾರಪ್ರಿಯನಾದ ಗೃಹಸ್ಥನಿಗೂ, ಪ್ರವಾಹದ ಕಾಲಕ್ಕೆಂದು ದೋಣಿ ಖರೀದಿಸುವ ಕಚೇರಿಗೂ ಸಮಾನವಾಗಿ ತಗಲಬಲ್ಲದು.

ಹರಿಗೋಲಿನ ಕಾಲದಲ್ಲಿ ಈ ಪ್ರಶ್ನೆಯೇ ಏಳಲಿಲ್ಲ. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಆನೆಗೊಂದಿಗೆ ಹೋಗುವ ಜನರು ತುಂಗಭದ್ರೆಯನ್ನು ದಾಟುತ್ತಿದ್ದ, ಬೆತ್ತದಿಂದ ಹೆಣೆದು ಹೊರಗೆ ಚರ್ಮವನ್ನು ಹೊದಿಸಿದ ದುಂಡಾದ ದೋಣಿಗಳನ್ನು ವರ್ಣಿಸಿ, ಅವು ಹದಿನೈದು ಇಪ್ಪತ್ತು ಜನರನ್ನು ಹೊರಬಲ್ಲವೆಂದೂ, ನೀರಿನ ಮೇಲೆ ಸುತ್ತುಹಾಕುತ್ತಲೇ ಮುಂದೆ ಸಾಗುವವೆಂದೂ ಬರೆದಿಟ್ಟಿದ್ದಾನೆ. ಐದು ಶತಮಾನಗಳಲ್ಲಿ ಚರ್ಮದ ಸ್ಥಾನಕ್ಕೆ ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದವೆಂಬುದನ್ನು ಬಿಟ್ಟರೆ ಹೆಚ್ಚಿನ ವ್ಯತ್ಯಾಸವೇನೂ ಆಗಿಲ್ಲ. ತೂತುಬಿದ್ದ ತೆಪ್ಪವನ್ನು ಅಂಬಿಗನು ದಂಡೆಯ ಮೇಲೆ ಬೋರಲು ಹಾಕಿ, ತಾನೇ ತೇಪೆ ಹಚ್ಚಿ, ಹೊತ್ತು ಇಳಿಯುವುದರೊಳಗೆ ಮತ್ತೆ ನೀರಿಗೆ ಬಿಡುತ್ತಾನೆ. ಒಡೆಯನೂ ಅವನೇ, ನಾವಿಕನೂ ಅವನೇ, ದುರಸ್ತಿಗಾರನೂ ಅವನೇ. ಮೋಟಾರು ದೋಣಿಯಲ್ಲಾದರೋ ಈ ಮೂವರೂ ಬೇರೆಬೇರೆಯಾಗಿ, ಅವರಲ್ಲಿ ಅತ್ಯಗತ್ಯನಾದ ಮೂರನೆಯವನು ಎಷ್ಟೋ ಗಾವುದ ದೂರದ ಕರಾವಳಿಯಲ್ಲಿ ಇರುತ್ತಾನೆ.

ದೋಣಿಯ ಹಿಂಬದಿಯ ಹಲಗೆಗೆ ತಿರುಪಿನಿಂದ ಬಿಗಿಯುವ ಔಟ್‌ಬೋರ್ಡ್ ಯಂತ್ರವನ್ನು ಲೋಕಪ್ರಿಯವಾಗಿಸಿದ ಅಮೆರಿಕದ ಓಲೆ ಎವಿನ್ರೂಡನು, ಕೆರೆಯಾಚೆಯಿಂದ ತನ್ನ ಪ್ರಿಯೆಗಾಗಿ ಐಸ್‌ಕ್ರೀಮು ತರುವಾಗ ಹುಟ್ಟುಹಾಕಿ ಹಾಕಿ ದಣಿದು, ಅಷ್ಟರಲ್ಲಿ ಅದು ಕರಗಿಹೋದ ಬೇಸರದಿಂದ ಈ ಯಂತ್ರವನ್ನು ಯೋಚಿಸಿ 1909ರಲ್ಲಿ ನಿರ್ಮಿಸಿದನೆಂಬ ಕಥೆಯೊಂದು ಪ್ರಚಾರದಲ್ಲಿದೆ. ರಾಯಚೂರಿನ ವೈಶಾಖದ ಬಿಸಿಲನ್ನು ಬಲ್ಲವರು ಅದನ್ನು ನಂಬಲು ಹಿಂಜರಿಯಲಾರರು. ಈ ಯಂತ್ರವು ಬೈಕಿನ ಎಂಜಿನ್ನಿನಂತೆ ಗಾಳಿಯಿಂದ ತಣಿಯುವುದಿಲ್ಲ. ಹೊಳೆಯ ನೀರನ್ನೇ ಹೀರಿ, ತನ್ನ ಒಡಲಲ್ಲಿ ಸುತ್ತಿಸಿ, ಹೊರಕ್ಕೆ ಬಿಡುತ್ತದೆ. ಹೀರುವ ಕೆಲಸವನ್ನು ಮಾಡುವುದು ಕೆಳಭಾಗದಲ್ಲಿ ಅಡಗಿರುವ ಒಂದು ಚಿಕ್ಕ ರಬ್ಬರು ಚಕ್ರ. ಮಳೆಗಾಲದ ಕೃಷ್ಣೆಯ ನೀರು ಎಂಥದೆಂಬುದು ನಮಗೆ ಗೊತ್ತು: ಅರ್ಧ ನೀರು, ಅರ್ಧ ಮಣ್ಣು ಎನ್ನುವಷ್ಟು ಕೆಂಪು. ಆ ಉಸುಕು ರಬ್ಬರಿನ ಅಂಚುಗಳನ್ನು ಸವೆಯಿಸುತ್ತದೆ, ಕಾಲುವೆಗಳನ್ನು ಕಟ್ಟುತ್ತದೆ. ಎಂಜಿನ್ ಕಾದು ಹಿಡಿದುಕೊಳ್ಳುತ್ತದೆ. ಆದುದರಿಂದ ಯಂತ್ರವನ್ನು ಚಾಲೂ ಮಾಡಿದವನು ಮೊದಲು ನೋಡಬೇಕಾದುದು ಹಿಂಬದಿಯ ಸಣ್ಣ ರಂಧ್ರದಿಂದ ನೀರಿನ ಧಾರೆ ಚಿಮ್ಮುತ್ತಿದೆಯೇ ಎಂಬುದನ್ನು; ಧಾರೆ ಕ್ಷೀಣಿಸಿದರೆ ಕ್ಷಣಮಾತ್ರವೂ ತಡೆಯದೆ ನಿಲ್ಲಿಸತಕ್ಕದ್ದು. ಹೊಳೆಯಿಂದ ಬಂದಮೇಲೆ ತಿಳಿನೀರಿನ ಪೀಪಾಯಿಯಲ್ಲಿ ಯಂತ್ರದ ಕಾಲನ್ನು ಮುಳುಗಿಸಿ ಹತ್ತು ನಿಮಿಷ ನಡೆಸುವುದೂ, ವರ್ಷಕ್ಕೊಮ್ಮೆ ಆ ರಬ್ಬರು ಚಕ್ರವನ್ನು ಬದಲಿಸುವುದೂ ಹೊಸ ಯಂತ್ರದ ಬೆಲೆಯ ಮುಂದೆ ಅತ್ಯಲ್ಪವಾದ ವೆಚ್ಚ.

ಇದಕ್ಕಿಂತ ದೊಡ್ಡ ಶತ್ರು ನಿಂತ ಪೆಟ್ರೋಲು. ಈಗ ಬಂಕುಗಳಲ್ಲಿ ದೊರೆಯುವ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥನಾಲ್ ಬೆರೆತಿರುವುದರಿಂದಲೂ, ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಸ್ವಭಾವವಿರುವುದರಿಂದಲೂ, ತಿಂಗಳುಗಟ್ಟಲೆ ಟಾಕಿಯಲ್ಲಿ ಬಿಟ್ಟ ಇಂಧನದಲ್ಲಿ ನೀರು ಬೇರ್ಪಟ್ಟು ತಳದಲ್ಲಿ ಕೂಡುತ್ತದೆ. ಕಾರ್ಬ್ಯುರೇಟರಿನಲ್ಲಿ ಉಳಿದುದು ಒಣಗಿ ಅಂಟಾಗಿ, ಸೂಜಿಮೊನೆಯಷ್ಟು ಕಿರಿದಾದ ಅದರ ರಂಧ್ರಗಳನ್ನು ಮುಚ್ಚುತ್ತದೆ. ಎರಡು ಸ್ಟ್ರೋಕಿನ ಯಂತ್ರವಾದರೆ ಎಣ್ಣೆಯ ಪ್ರಮಾಣವನ್ನು ತಯಾರಕರ ಪುಸ್ತಕವನ್ನು ನೋಡಿಯೇ ಬೆರೆಸಬೇಕಲ್ಲದೆ, ಸ್ಕೂಟರಿನ ಎಣ್ಣೆಯನ್ನು ಹಾಕಿ ಉಳಿತಾಯ ಮಾಡಿದೆನೆಂದು ಹಿಗ್ಗಬಾರದು. ನೀರಿನಿಂದ ತಣಿಯುವ ಯಂತ್ರಕ್ಕೆ ಅದರದೇ ಎಣ್ಣೆ ಉಂಟು. ಗೇರಿನ ಎಣ್ಣೆ ಮಜ್ಜಿಗೆಯ ಬಣ್ಣಕ್ಕೆ ತಿರುಗಿತೆಂದರೆ ಸೀಲು ಹರಿದು ನೀರು ಒಳಹೊಕ್ಕಿತೆಂದೇ ಅರ್ಥ. ಇವೆಲ್ಲ ನಮ್ಮ ಮೆಕ್ಯಾನಿಕ್‌ಗಳಿಗೆ ಅತೀತವಾದ ವಿದ್ಯೆಯಲ್ಲ. ಗಬ್ಬೂರಿನಂಥ ಊರಿನಲ್ಲಿ ಟ್ರ್ಯಾಕ್ಟರು, ಪಂಪ್‌ಸೆಟ್ಟು, ಹಳೆಯ ಮೊಪೆಡ್ಡುಗಳನ್ನು ಬಿಚ್ಚಿ ಜೋಡಿಸಿ ಕೈ ಪಳಗಿಸಿಕೊಂಡ ಹುಡುಗನಿಗೆ ಬಿಡಿಭಾಗಗಳನ್ನು ಒದಗಿಸಿ, ಒಂದು ವಾರ ತೋರಿಸಿಕೊಟ್ಟರೆ ಸಾಕು. ಒದಗಿಸುವವರಾರು, ತೋರಿಸಿಕೊಡುವವರಾರು ಎಂಬುದೇ ಪ್ರಶ್ನೆ.

ದೋಣಿಯನ್ನು ಹೊಳೆಗೆ ಎಳೆದೊಯ್ಯುವ ವಿಷಯದಲ್ಲಿ ನಮ್ಮವರಿಗೆ ಅನುಭವ ಸಾಲದೆಂದಲ್ಲ. ಟ್ರ್ಯಾಕ್ಟರಿನ ಹಿಂದೆ ಹುಲ್ಲಿನ ಹೇರನ್ನು ಕಟ್ಟಿ ದೇವದುರ್ಗದ ರಸ್ತೆಯ ಮೇಲೆ ಸಾಗುವ ಧೈರ್ಯ ಉಳ್ಳವರು ನಾವು. ಆ ಧೈರ್ಯವೇ ಇಲ್ಲಿ ಅಪಾಯಕಾರಿ. ದೋಣಿಯ ಟ್ರೇಲರಿನಲ್ಲಿ ಒಟ್ಟು ಭಾರದ ಸುಮಾರು ಹತ್ತನೆಯ ಒಂದು ಪಾಲು ಮುಂದಿನ ಕೊಂಡಿಯ ಮೇಲೆ ಬೀಳುವಂತಿರಬೇಕು. ಭಾರವು ಹಿಂದಕ್ಕೆ ಹೆಚ್ಚಾದರೆ ಟ್ರೇಲರು ಹಾವಿನಂತೆ ಹೊರಳಾಡಿ ಎಳೆಯುವ ವಾಹನವನ್ನೇ ಕೆಡವೀತು. ಎರಡನೆಯದು ಬೇರಿಂಗುಗಳ ಮಾತು. ರಸ್ತೆಯಲ್ಲಿ ಓಡಿ ಕಾದ ಚಕ್ರಗಳನ್ನು ತಟಕ್ಕನೆ ಹೊಳೆಯ ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಸಂಕುಚಿತವಾಗಿ ನೀರನ್ನು ಒಳಕ್ಕೆ ಸೆಳೆಯುತ್ತದೆ. ಗ್ರೀಸು ತೊಳೆದುಹೋಗಿ, ತುಕ್ಕು ಹಿಡಿದು, ಮುಂದೊಂದು ದಿನ ನಡುದಾರಿಯಲ್ಲಿ ಚಕ್ರವೇ ಕಳಚುತ್ತದೆ. ದಂಡೆಯಲ್ಲಿ ಅರ್ಧಗಂಟೆ ನಿಂತು, ಎಲೆಯಡಿಕೆ ಹಾಕಿಕೊಂಡು, ಚಕ್ರಗಳು ತಣಿದಮೇಲೆ ಇಳಿಸುವವನೇ ಬುದ್ಧಿವಂತ. ಇಳಿಸುವ ಮುನ್ನ ತಳದ ಬಿರಡೆ ಹಾಕಿದೆಯೇ ಎಂದು ನೋಡುವುದನ್ನು ನಾನು ಹೇಳಬೇಕಾಗಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಅದನ್ನು ಮರೆತು ದಂಡೆಯಲ್ಲೇ ಮುಳುಗಿದ ದೋಣಿಗಳು ಲೋಕದಲ್ಲಿ ಬೇಕಾದಷ್ಟು.

ಕಾನೂನು ಸ್ಪಷ್ಟವಾಗಿದೆ. 1917ರ ಹಳೆಯ ಕಾಯಿದೆಯ ಸ್ಥಾನದಲ್ಲಿ ಬಂದ 2021ರ ಒಳನಾಡು ನೌಕೆಗಳ ಕಾಯಿದೆಯು ಯಂತ್ರಚಾಲಿತ ನೌಕೆಗಳ ತಪಾಸಣೆ, ನೋಂದಣಿ, ವಿಮೆಗಳನ್ನು ವಿಧಿಸುತ್ತದೆ. ಆದರೆ 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡದ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಜನರು ಮಡಿದುದನ್ನು ನೆನೆದರೆ, ಮಿತಿಮೀರಿ ಜನರನ್ನು ಹೇರುವ ಚಟದ ಮುಂದೆ ಕಾಗದದ ಬಲ ಎಷ್ಟೆಂಬ ಸಂದೇಹ ಬಾರದಿರದು. ಕುರುವಪುರದ ದರ್ಶನಕ್ಕೆ ಕೃಷ್ಣೆಯನ್ನು ದಾಟುವ ಭಕ್ತರೂ ಇದನ್ನು ಗಮನಿಸಲಿ.

ವಿಹಾರದ ದೋಣಿ ಕೆಟ್ಟರೆ ಒಂದು ರವಿವಾರ ಕೆಡುತ್ತದೆ; ಪ್ರವಾಹದ ದೋಣಿ ಕೆಟ್ಟರೆ ಹಾಗಲ್ಲ. 2009ರ ಅಕ್ಟೋಬರಿನಲ್ಲಿ ತುಂಗಭದ್ರೆ ಮಂತ್ರಾಲಯವನ್ನೇ ನುಂಗಿದುದನ್ನೂ, 2019ರ ಆಗಸ್ಟಿನಲ್ಲಿ ನಾರಾಯಣಪುರದ ಗೇಟುಗಳು ತೆರೆದು ಹೂವಿನಹೆಡಗಿಯ ಸೇತುವೆ ನೀರಿನಡಿ ಸೇರಿದುದನ್ನೂ ಕಂಡವರು ನಾವು. 2013ರ ಮಳೆಗಾಲದಲ್ಲಿ, ತೆಪ್ಪ ಹಾಕಲಾಗದಷ್ಟು ಸೆಳೆತವಿದ್ದ ಕೃಷ್ಣೆಯನ್ನು, ಸುರಪುರ ಸೀಮೆಯ ನಡುಗಡ್ಡೆಯೊಂದರಿಂದ ತುಂಬುಗರ್ಭಿಣಿಯೊಬ್ಬಳು ಒಣ ಬುರುಡೆಗಳನ್ನು ಮೈಗೆ ಕಟ್ಟಿಕೊಂಡು ಈಜಿ ದಾಟಿದಳು. ಅವಳ ಸಾಹಸವನ್ನು ಹೊಗಳಿದ ನಾವು, ಅವಳು ಅದನ್ನು ಮಾಡಬೇಕಾಗಿ ಬಂದುದಕ್ಕೆ ನಾಚಲಿಲ್ಲ.

ಆದಕಾರಣ ನನ್ನ ಸಲಹೆ ಇಷ್ಟು. ಲಿಂಗಸುಗೂರು, ದೇವದುರ್ಗ, ರಾಯಚೂರು ತಾಲ್ಲೂಕುಗಳ ನದೀತೀರಕ್ಕೆಂದು ಕೊಳ್ಳುವ ದೋಣಿಗಳನ್ನು ತಾಲ್ಲೂಕು ಕೇಂದ್ರದ ಗೋದಾಮಿಗೆ ಸೇರಿಸದೆ, ದಂಡೆಯ ಅಂಬಿಗರ ವಶಕ್ಕೆ ಸಂಬಳಸಹಿತ ಒಪ್ಪಿಸಬೇಕು. ನೀರಿನ ಸುಳಿಯನ್ನೂ ಬಂಡೆಯನ್ನೂ ಬಲ್ಲವರು ಅವರೇ. ತಿಂಗಳಿಗೊಮ್ಮೆ ಯಂತ್ರವನ್ನು ನೀರಿನಲ್ಲಿ ನಡೆಸಿ, ಅದನ್ನು ಪುಸ್ತಕದಲ್ಲಿ ಬರೆದು, ಮೇ ತಿಂಗಳ ಕೊನೆಯಲ್ಲಿ ತಹಶೀಲ್ದಾರರ ಸಮಕ್ಷಮದಲ್ಲಿ ಪೂರ್ಣ ಪರೀಕ್ಷೆ ನಡೆಯಲಿ. ಹತ್ತು ದೋಣಿ ಕೊಳ್ಳುವ ಹಣವಿದ್ದರೆ ಎಂಟನ್ನು ಕೊಂಡು, ಉಳಿದುದರಲ್ಲಿ ರಬ್ಬರು ಚಕ್ರ, ಸೀಲು, ಪ್ಲಗ್ಗು, ಪಂಖಗಳನ್ನು ತಂದಿಟ್ಟು, ಜಿಲ್ಲೆಯ ಕೈಗಾರಿಕಾ ತರಬೇತಿ ಸಂಸ್ಥೆಯೊಂದರಲ್ಲಿ ಅವನ್ನು ಜೋಡಿಸುವ ವಿದ್ಯೆಯನ್ನು ಕಲಿಸಲಿ. ಅಂಥ ದುರಸ್ತಿಶಾಲೆಯೊಂದು ನಿಂತರೆ, ವಿಹಾರಕ್ಕಾಗಿ ದೋಣಿ ಕೊಂಡ ನಮ್ಮ ತರುಣನೂ ತಕ್ಕ ಶುಲ್ಕವನ್ನು ತೆತ್ತು ಅಲ್ಲಿಗೇ ತನ್ನ ಯಂತ್ರವನ್ನು ಒಯ್ಯಬಹುದು. ಶಾಲೆಯ ಖರ್ಚಿನ ಒಂದಂಶ ಅವನಿಂದಲೂ ಹುಟ್ಟೀತು.