ಬಾಕ್ಸ್ ಮೇಲಿನ ಆರ್‌ಪಿಎಂ ನೋಡಿ ರೋಟರಿ ಟೂಲ್ ತಗೋಬೇಡಿ

(1/3)

ಮೊದಲ ಫೋಟೋದಲ್ಲಿ ಇರೋದು ನಮ್ಮಜ್ಜಿಯ ಹಿತ್ತಾಳೆ ಕುಂಕುಮದ ಭರಣಿ. ಮುಚ್ಚಳದ ಸುತ್ತ ಒಂದು ಬಳ್ಳಿ ಕೆತ್ತಿಕೊಡ್ತೀನಿ ಅಂತ ನಾನೇ ಕೇಳಿ ಇಸ್ಕೊಂಡಿದ್ದೆ. ಮೂರನೇ ಎಲೆಯ ತಿರುವಲ್ಲಿ ಬರ್ ಜಾರಿ ಅಡ್ಡಡ್ಡ ಓಡಿಹೋಯ್ತು. ಆ ಗೀರು ಝೂಮ್ ಮಾಡಿದ್ರೆ ಕಾಣುತ್ತೆ, ಮಾಡದಿದ್ರೂ ಕಾಣುತ್ತೆ. ಅಜ್ಜಿ ಬೈಲಿಲ್ಲ. ಗೀರು ಗೋಡೆ ಕಡೆ ಬರೋ ಹಾಗೆ ಭರಣಿ ತಿರುಗಿಸಿ ಇಟ್ರು, ಅಷ್ಟೇ. ಬೈದಿದ್ರೇ ಚೆನ್ನಾಗಿರ್ತಿತ್ತು.

ಕೈ ಸರಿ ಇಲ್ಲ, ಇನ್ನೂ ಅಭ್ಯಾಸ ಬೇಕು ಅಂದ್ಕೊಂಡಿದ್ದೆ. ಅದು ಅರ್ಧ ನಿಜ. ಆಮೇಲೆ ಪರಿಚಯದ ಅಕ್ಕಸಾಲಿಗರೊಬ್ಬರ ಹತ್ರ ಹೋಗಿ, ಅದೇ ಬರ್ ಅವರ ಮೆಷಿನ್‌ಗೆ ಹಾಕಿ ನೋಡಿದೆ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಗೆರೆ ಬಂತು. ಕೈ ಅದೇ, ಬರ್ ಅದೇ.

(2/3)

ನಾನು ಕೊಂಡಿದ್ದ ಅಗ್ಗದ ಕಿಟ್‌ನ ಬಾಕ್ಸ್ ಮೇಲೆ ದೊಡ್ಡದಾಗಿ 35,000 ಆರ್‌ಪಿಎಂ ಅಂತ ಇತ್ತು. ಅಕ್ಕಸಾಲಿಗರ ಮೆಷಿನ್ ಬೇರೆ ಥರದ್ದು. ಮೋಟರ್ ಕೊಕ್ಕೆಗೆ ನೇತಾಡ್ತಿರುತ್ತೆ, ಅಲ್ಲಿಂದ ಒಂದು ಬಳುಕುವ ಶಾಫ್ಟ್, ತುದಿಯಲ್ಲಿ ಪೆನ್ನಿನ ಹಾಗೆ ಹಿಡಿಯೋ ಹ್ಯಾಂಡ್‌ಪೀಸ್, ಕಾಲ ಕೆಳಗೆ ಪೆಡಲ್. ಈ ಜಾತಿಯಲ್ಲಿ ಹೆಸರು ಮಾಡಿರೋ ಫೋರ್ಡಮ್ ಎಸ್‌ಆರ್ ಮೋಟರ್‌ನ ಗರಿಷ್ಠ ವೇಗ 18,000. ನನ್ನ ಡಬ್ಬದ ಅರ್ಧ! ಆದ್ರೂ ಆಭರಣ ಮಾಡೋರು ಅದನ್ನೇ ನಂಬ್ತಾರೆ. ಬೀದರಿನ ಬಿದ್ರಿ ಕೆಲಸದವರ ಕೈಯಲ್ಲಂತೂ ಇರೋದು ಉಳಿ, ಸುತ್ತಿಗೆ. ಸೂಕ್ಷ್ಮ ಗೆರೆ ಬರೋದಕ್ಕೂ ವೇಗಕ್ಕೂ ಅಂಥಾ ಸಂಬಂಧ ಇಲ್ಲ.

ನೋಡ್ಬೇಕಾದ್ದು ಎರಡು. ಮೊದಲನೇದು, ಬರ್ ತನ್ನ ನಡುಗೆರೆ ಮೇಲೇ ನೇರವಾಗಿ ತಿರುಗುತ್ತಾ ಅನ್ನೋದು. ಶಾಫ್ಟ್ ಕೂದಲೆಳೆಯಷ್ಟು ಸೊಟ್ಟ ಇದ್ರೂ ಬರ್‌ನ ಎಲ್ಲ ಹಲ್ಲೂ ಸಮ ಕಚ್ಚಲ್ಲ. ಒಂದೇ ಕಡೆ ಬಡೀತಾ ಕುಣಿಯುತ್ತೆ, ತಿರುವು ಸಿಕ್ಕ ಕೂಡ್ಲೇ ಎಗರುತ್ತೆ. ಅಂಗಡೀಲಿ ಪರೀಕ್ಷೆ ಮಾಡೋದು ಸುಲಭ. ಪ್ಲಗ್ ತೆಗೆದು, ಬಿಟ್ ಹಾಕಿ, ಅದನ್ನ ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಟಕ್ ಟಕ್ ಅಂದ್ರೆ ವಾಪಸ್ ಕೊಟ್ಬಿಡಿ. ಆಮೇಲೆ ಕಡಿಮೆ ವೇಗದಲ್ಲಿ ಓಡಿಸಿ ತುದಿ ನೋಡಿ. ಚುಕ್ಕಿ ಹಾಗೆ ನಿಂತ್ರೆ ಸರಿ, ದಪ್ಪ ಮಸುಕಾಗಿ ಕಂಡ್ರೆ ಬೇಡ. ಅಂಗಡಿಯವರು ಮುಖ ಸಿಂಡರಿಸಿದ್ರೆ ಸಿಂಡರಿಸಲಿ, ದುಡ್ಡು ನಿಮ್ದು. ನಗರ್ತಪೇಟೆ ಕಡೆ ಅಕ್ಕಸಾಲಿಗರ ಸಾಮಾನಿನ ಅಂಗಡಿಗಳಿವೆ. ಆನ್‌ಲೈನ್‌ಗಿಂತ ಅಲ್ಲಿಗೆ ಹೋಗಿ ಅಂತೀನಿ, ಕೈಯಲ್ಲಿ ಹಿಡಿದು ನೋಡಬಹುದು.

ಎರಡನೇದು, ನಿಧಾನಕ್ಕೆ ತಿರುಗುವಾಗ ಎಷ್ಟು ಬಲ ಉಳಿಯುತ್ತೆ ಅನ್ನೋದು. ನನ್ನ ಡಬ್ಬಾನ ಕಡಿಮೆ ವೇಗಕ್ಕೆ ಇಟ್ಟು ಸ್ವಲ್ಪ ಒತ್ತಿದ್ರೆ ನಿಂತೇ ಹೋಗ್ತಿತ್ತು. ಹಾಗಾಗಿ ವೇಗ ಏರಿಸ್ತಿದ್ದೆ, ಏರಿಸಿದ್ರೆ ಕುಣೀತಿತ್ತು. ಕೈಯಲ್ಲೇ ಹಿಡಿಯೋ ಮೆಷಿನ್ನೇ ಬೇಕು ಅಂದ್ರೆ ಡ್ರೆಮೆಲ್ 3000 ಶುರುವಾಗೋದು 10,000ದಿಂದ, 4000 ಮಾಡೆಲ್ 5,000ದಿಂದ. ಲೋಹದ ಕೆಲಸಕ್ಕೆ ಈ ಕೆಳಗಿನ ಅಂಕಿ ಮುಖ್ಯ, ಮೇಲಿನದ್ದಲ್ಲ. ಲೆಕ್ಕ ಹಾಕಿ: 30,000 ಆರ್‌ಪಿಎಂನಲ್ಲಿ 2 ಮಿ.ಮೀ. ಬರ್‌ನ ಅಂಚು ನಿಮಿಷಕ್ಕೆ ಸುಮಾರು 188 ಮೀಟರ್ ಓಡಿದ್ರೆ, 6 ಮಿ.ಮೀ. ಬರ್‌ನ ಅಂಚು 565 ಮೀಟರ್ ಓಡುತ್ತೆ. ದೊಡ್ಡ ಬರ್‌ಗೆ ವೇಗ ಇಳಿಸಲೇಬೇಕು.

ನನ್ನನ್ನ ಕೇಳಿದ್ರೆ, ಹಿತ್ತಾಳೆ, ತಾಮ್ರ, ಬೆಳ್ಳಿ ಮೇಲೆ ಚಿಕ್ಕ ಕೆತ್ತನೆ ಮಾಡೋರು ಪೆಡಲ್ ಇರೋ ಫ್ಲೆಕ್ಸ್ ಶಾಫ್ಟೇ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ. ಕೈಮೇಲೆ ಮೋಟರ್‌ನ ಭಾರ ಇರಲ್ಲ, ವೇಗ ಕಾಲಿನ ಹಿಡಿತದಲ್ಲಿರುತ್ತೆ. ಹಾಸ್ಟೆಲ್ ರೂಮಲ್ಲಿ ಕೊಕ್ಕೆ ಎಲ್ಲಿ ಹಾಕೋದು ಅನ್ನೋದು ನಿಜವಾದ ಸಮಸ್ಯೆ, ಒಪ್ತೀನಿ. ನಾನು ಮೇಜಿಗೆ ಒಂದು ಕಬ್ಬಿಣದ ಪೈಪ್ ಬಿಗಿದಿದ್ದೀನಿ, ಕೊನೇ ಫೋಟೋ ನೋಡಿ.

(3/3)

ಜೊತೆಗೆ ಬರೋ 200 ಬಿಟ್ಟಿನ ಡಬ್ಬಕ್ಕೆ ಮರುಳಾಗಬೇಡಿ. ಅದರಲ್ಲಿ ಲೋಹಕ್ಕೆ ಆಗೋವು ಬೆರಳೆಣಿಕೆ. ಆ ದುಡ್ಡಲ್ಲಿ ಮೂರು ಒಳ್ಳೇ ಕಾರ್ಬೈಡ್ ಬರ್ ಬರುತ್ತೆ. ಬರ್‌ನ ಕಡ್ಡಿ 2.35 ಮಿ.ಮೀ.ನಾ, 3 ಮಿ.ಮೀ.ನಾ, 3.2 ಮಿ.ಮೀ.ನಾ ನೋಡಿ, ಅದಕ್ಕೆ ಸರಿಯಾದ ಕಾಲೆಟ್ಟೇ ಹಾಕಿ. ಒಳ್ಳೇ ಮೆಷಿನ್ನೂ ತಪ್ಪು ಕಾಲೆಟ್‌ನಲ್ಲಿ ಕುಣಿಯುತ್ತೆ. ಅಲ್ಯೂಮಿನಿಯಂ ಬರ್‌ನ ಹಲ್ಲಿಗೆ ಮೆತ್ತಿಕೊಳ್ಳುತ್ತೆ, ಆಗಾಗ ಸ್ವಲ್ಪ ಮೇಣ ತಾಗಿಸಿ.

ಕನ್ನಡಕ ಹಾಕದೆ ಸ್ವಿಚ್ ಮುಟ್ಟಬೇಡಿ. ಬಟ್ಟೆಯ ಗ್ಲೌಸ್ ಬೇಡ, ಸುತ್ತಿಕೊಂಡ್ರೆ ಬೆರಳನ್ನೂ ಎಳೆಯುತ್ತೆ. ಜಡೆ ಕಟ್ಟಿ, ವೇಲ್ ತೆಗೆದಿಡಿ. ಕಾಲೇಜ್ ಐಡಿ ಕಾರ್ಡ್ ಕೂಡ, ನಗಬೇಡಿ, ನಂದು ಒಂದ್ಸಲ ಇನ್ನೇನು ಸಿಕ್ಕಾಕ್ಕೊಳ್ತಿತ್ತು.

ಮನೇಲಿ ಈಗಾಗಲೇ ಮೆಷಿನ್ ಇರೋರು ಇವತ್ತೇ ಪ್ಲಗ್ ತೆಗೆದು ಬಿಟ್ ಅಲ್ಲಾಡಿಸಿ ನೋಡಿ. ಟಕ್ ಟಕ್ ಅಂತಾ ಇಲ್ವಾ, ಕೆಳಗೆ ಬರೀರಿ.