ಸೀಸೆಯ ಮೇಲಿನ ಚೀಟಿ ಎಲ್ಲಿ?

ನಾನು ಬಾಲ್ಯದಲ್ಲಿ ಕಂಡ ತಾಲ್ಲೂಕು ಆಸ್ಪತ್ರೆಯಲ್ಲಿ ವೈದ್ಯರಷ್ಟೇ ಗೌರವ ಕಾಂಪೌಂಡರಿಗೂ ಇತ್ತು. ವೈದ್ಯರ ಚೀಟಿ ನೋಡಿ ಮದ್ದುಗಳನ್ನು ಅಳೆದು ಬೆರೆಸಿ, ನಾವು ಮನೆಯಿಂದ ಒಯ್ದ ಸೀಸೆಗೆ ಮಿಕ್ಸ್ಚರ್ ತುಂಬಿಸಿ, ಪ್ರಮಾಣ ತೋರಿಸುವ ಕಾಗದದ ಪಟ್ಟಿಯನ್ನು ಬದಿಗೆ ಅಂಟಿಸಿ ಕೊಡುತ್ತಿದ್ದರು. ಕಾರ್ಖಾನೆಯ ಮಾತ್ರೆಗಳು ಬಂದಮೇಲೆ ಆ ಕಾಯಕ ನಮ್ಮಲ್ಲಿ ಬಹುತೇಕ ಕಣ್ಮರೆಯಾಯಿತು. ಅಮೆರಿಕದಲ್ಲಿ ಮಾತ್ರ ಅದು, ಋತುಬಂಧದ ವಯಸ್ಸಿನ ಮಹಿಳೆಯರಿಗೆ ಹಾರ್ಮೋನು ಬೆರೆಸಿ ಕೊಡುವ ದೊಡ್ಡ ವ್ಯಾಪಾರವಾಗಿ ಬೆಳೆದಿದೆ.

ಅಲ್ಲಿ ನೆಲೆಸಿರುವ ನನ್ನ ನಾದಿನಿ ಅಂಥದೊಂದು ಲೇಪವನ್ನು ಬಳಸುತ್ತಾಳೆ. ರಾತ್ರಿಯಿಡೀ ಬೆವರು, ನಿದ್ರೆಯಿಲ್ಲ. ತೋರಿಸಿಕೊಂಡ ವೈದ್ಯರು 'ಈ ವಯಸ್ಸಿನಲ್ಲಿ ಇದೆಲ್ಲ ಸಹಜ' ಎಂದು ಕಳುಹಿಸಿದರಂತೆ. 'ಭಾವ, ಇದು ನೈಸರ್ಗಿಕ, ನನಗೆಂದೇ ಅಳೆದು ಮಾಡಿದ್ದು' ಎಂದಳು. ಅಪಾಯಗಳನ್ನು ತಿಳಿಸುವ ಚೀಟಿ ಡಬ್ಬಿಯಲ್ಲಿದೆಯೇ ಎಂದು ಕೇಳಿದೆ. ಇರಲಿಲ್ಲ.

ಈ ವ್ಯಾಪಾರ ಇಷ್ಟು ಬೆಳೆಯಲು ಕಾರಣವಿದೆ. 2002ರ ಜುಲೈನಲ್ಲಿ, ಅಮೆರಿಕ ಸರ್ಕಾರದ ನೆರವಿನ 'ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್' ಅಧ್ಯಯನದ ಒಂದು ಭಾಗವನ್ನು ಅವಧಿಗೆ ಮುನ್ನವೇ ನಿಲ್ಲಿಸಲಾಯಿತು. ಎರಡು ಹಾರ್ಮೋನುಗಳನ್ನು ಕೂಡಿಸಿ ಪಡೆಯುತ್ತಿದ್ದವರಲ್ಲಿ ಸ್ತನ ಕ್ಯಾನ್ಸರ್ ವರ್ಷಕ್ಕೆ 10,000 ಮಹಿಳೆಯರಲ್ಲಿ 30ರ ಬದಲು 38 ಮಂದಿಗೆ ಕಾಣಿಸಿಕೊಂಡಿತ್ತು. ಭಾಗವಹಿಸಿದವರ ಸರಾಸರಿ ವಯಸ್ಸು 63 ಎಂಬುದಾಗಲಿ, ಕೊಟ್ಟ ಈಸ್ಟ್ರೊಜೆನ್ ಗಬ್ಬದ ಕುದುರೆಗಳ ಮೂತ್ರದಿಂದ ತೆಗೆದದ್ದು ಎಂಬುದಾಗಲಿ ತಲೆಬರಹಗಳಲ್ಲಿ ಬರಲಿಲ್ಲ. ಹೆದರಿದ ವೈದ್ಯರು ಚೀಟಿ ಬರೆಯುವುದನ್ನೇ ಕಡಿಮೆ ಮಾಡಿದರು. ಸಂಕಟ ಮಾತ್ರ ಉಳಿಯಿತು. ಆ ತೆರವಿನೊಳಗೆ 'ದೇಹದ ಹಾರ್ಮೋನಿನಂಥದೇ' ಎಂಬ ಘೋಷಣೆಯೊಂದಿಗೆ ಬೆರೆಸಿದ ಲೇಪ, ಗುಳಿಗೆಗಳು ಬಂದವು.

ವಾಸ್ತವವಾಗಿ ಅಂಡಾಶಯದಲ್ಲಿ ಉತ್ಪತ್ತಿಯಾಗುವಂಥದೇ ಎಸ್ಟ್ರಡಯಾಲ್ ಮತ್ತು ಪ್ರೊಜೆಸ್ಟರಾನ್‌ಗಳು ಸರ್ಕಾರಿ ಅನುಮೋದನೆ ಪಡೆದ ಔಷಧಗಳಾಗಿಯೂ ದೊರೆಯುತ್ತವೆ. ಎರಡನ್ನೂ ಒಂದೇ ಗುಳಿಗೆಯಲ್ಲಿ ಕೊಡುವ ಔಷಧಕ್ಕೆ 2018ರಲ್ಲೇ ಅನುಮತಿ ಸಿಕ್ಕಿದೆ. ಆದುದರಿಂದ ಇದು ನೈಸರ್ಗಿಕ ಮತ್ತು ಕೃತಕಗಳ ನಡುವಿನ ವಿವಾದವಲ್ಲ. ಪರೀಕ್ಷೆಗೊಳಗಾದ ಮತ್ತು ಪರೀಕ್ಷೆಗೊಳಗಾಗದ ಮದ್ದುಗಳ ನಡುವಿನದು. ಗರ್ಭಕೋಶವಿರುವ ಮಹಿಳೆಗೆ ಈಸ್ಟ್ರೊಜೆನ್ ಕೊಟ್ಟಾಗ ಅದರೊಂದಿಗೆ ಸಾಕಷ್ಟು ಪ್ರೊಜೆಸ್ಟರಾನ್ ಸೇರದಿದ್ದರೆ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಅಪಾಯ ಹೆಚ್ಚುತ್ತದೆ. ಚರ್ಮಕ್ಕೆ ಹಚ್ಚುವ ಪ್ರೊಜೆಸ್ಟರಾನ್ ಲೇಪ ಆ ರಕ್ಷಣೆಯನ್ನು ಕೊಡುತ್ತದೆಂದು ನೆಚ್ಚುವಂತಿಲ್ಲ. ಬೆರೆಸುವಲ್ಲಿ ಆಗುವ ಏರುಪೇರು ಇಲ್ಲಿ ಸಣ್ಣ ಮಾತಲ್ಲ.

ಎಂ.ಎ. ತರಗತಿಯಲ್ಲಿ ನಾವು ಓದಿದ ಜಾರ್ಜ್ ಅಕರ್ಲಾಫ್ ಅವರ 1970ರ ಪ್ರಬಂಧ ನನಗೆ ನೆನಪಾಗುತ್ತದೆ. ಸರಕಿನ ಗುಣ ಮಾರುವವನಿಗೆ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದಬ್ಬುತ್ತದೆ ಎಂಬುದನ್ನು ಅವರು ಹಳೆಯ ಕಾರುಗಳ ಉದಾಹರಣೆಯಿಂದ ತೋರಿಸಿದ್ದರು. ಇಲ್ಲಿಯ ಸ್ಥಿತಿ ಅದಕ್ಕಿಂತಲೂ ವಿಷಮ. ವ್ಯಕ್ತಿಗತ ಚೀಟಿಗೆ ತಕ್ಕಂತೆ ಬೆರೆಸುವ ಔಷಧಾಲಯಗಳು ದುಷ್ಪರಿಣಾಮಗಳನ್ನು ಔಷಧ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎಗೆ ವರದಿ ಮಾಡಲೇಬೇಕೆಂಬ ನಿಯಮವಿಲ್ಲ. ಹೀಗಾಗಿ ಮಾರುವವನಿಗೂ ಸತ್ಯ ಪೂರ್ತಿಯಾಗಿ ತಿಳಿಯದು. ದೂರು ದಾಖಲಾಗದ ಕಚೇರಿಯಲ್ಲಿ ದೂರುಗಳೇ ಇಲ್ಲವೆಂದು ಷರಾ ಬರೆಯುವುದನ್ನು ನನ್ನ ಸೇವಾವಧಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಎಫ್‌ಡಿಎ ಕೋರಿಕೆಯ ಮೇರೆಗೆ ಈ ವಿಷಯವನ್ನು ಪರಿಶೀಲಿಸಿದ ರಾಷ್ಟ್ರೀಯ ಅಕಾಡೆಮಿಗಳ ಸಮಿತಿ 2020ರಲ್ಲಿ ವರದಿ ಕೊಟ್ಟಿತು. ಬೆರೆಸಿದ ಹಾರ್ಮೋನುಗಳ ಉಪಯುಕ್ತತೆಗೆ ಸಾಕಷ್ಟು ಆಧಾರವಿಲ್ಲ. ಅನುಮೋದಿತ ಔಷಧದ ಅಂಶಕ್ಕೆ ಅಲರ್ಜಿಯಿರುವವರು, ಬೇರೆ ರೂಪದ ಮದ್ದು ಅಗತ್ಯವಿರುವವರು ಮುಂತಾದವರಿಗೆ ಬಳಕೆಯನ್ನು ಸೀಮಿತಗೊಳಿಸಬೇಕು ಎಂಬುದು ಅದರ ಸಾರ. ಔಷಧಾಲಯಗಳವರು ಇದನ್ನು ಮಹಿಳೆಯರ ಆಯ್ಕೆಯ ಮೇಲಿನ ದಾಳಿ ಎಂದರು.

ಅವರ ವಾದದಲ್ಲಿ ತಿರುಳಿಲ್ಲವೆಂದು ನಾನು ಹೇಳಲಾರೆ. ಪ್ರೊಜೆಸ್ಟರಾನ್‌ನ ಒಂದು ಪ್ರಮುಖ ಅನುಮೋದಿತ ಗುಳಿಗೆಯಲ್ಲಿ ಕಡಲೆಕಾಯಿ ಎಣ್ಣೆಯಿದೆ. ಅದು ಒಗ್ಗದವರು ಏನು ಮಾಡಬೇಕು? ಮಹಿಳೆಯರಿಗೆಂದೇ ಅನುಮೋದಿಸಿದ ಟೆಸ್ಟೋಸ್ಟೆರಾನ್ ಔಷಧ ಅಮೆರಿಕದಲ್ಲಿ ಒಂದೂ ಇಲ್ಲ. ಪೂರ್ಣ ನಿಷೇಧ ಅಂಥವರನ್ನು ಕಾಳಸಂತೆಗೆ ತಳ್ಳುತ್ತದೆ. ಪರ್ಮಿಟ್ ಕಾಲದ ಆಡಳಿತವನ್ನು ಕಂಡ ನನಗೆ ನಿಷೇಧದ ಮೇಲೆ ವ್ಯಾಮೋಹವೂ ಇಲ್ಲ. ಆದರೆ ಮಾಹಿತಿಯಿಲ್ಲದ ಆಯ್ಕೆಯನ್ನು ಆಯ್ಕೆಯೆಂದು ಕರೆಯಲಾಗದು.

2025ರ ನವೆಂಬರ್‌ನಲ್ಲಿ ಎಫ್‌ಡಿಎ, ಅನುಮೋದಿತ ಹಾರ್ಮೋನು ಔಷಧಗಳ ಮೇಲಿದ್ದ ಹೃದ್ರೋಗ, ಸ್ತನ ಕ್ಯಾನ್ಸರ್, ಮರೆಗುಳಿತನ ಕುರಿತ ಚೌಕಟ್ಟಿನ ಎಚ್ಚರಿಕೆಗಳನ್ನು ತೆಗೆಯುವ ಕ್ರಮ ಪ್ರಕಟಿಸಿತು. ಒಂದು ಬಗೆಯ ಮದ್ದಿನ ಚೀಟಿಯ ಮೇಲೆ ಒಂದೊಂದು ಸಾಲಿಗೂ ಇಷ್ಟು ಚರ್ಚೆ ನಡೆಯಬಹುದಾದರೆ, ಅದೇ ಹಾರ್ಮೋನನ್ನು ಚೀಟಿಯೇ ಇಲ್ಲದೆ ಮಾರಲು ಬಿಡುವುದು ಯಾವ ನ್ಯಾಯ? ಬೆರೆಸಿದ ಮದ್ದಿಗೂ ಅದೇ ಚೀಟಿ, ದುಷ್ಪರಿಣಾಮಗಳ ಕಡ್ಡಾಯ ವರದಿ, ಮಹಿಳೆಯರ ಟೆಸ್ಟೋಸ್ಟೆರಾನ್ ಬಗ್ಗೆ ಸಾರ್ವಜನಿಕ ಹಣದ ಸಂಶೋಧನೆ: ಈ ಮೂರಾದರೂ ಆಗಬೇಕು. ಇವೆಲ್ಲಕ್ಕೂ ಮೊದಲು, ಐವತ್ತರ ಹೆಣ್ಣುಮಗಳ ದೂರನ್ನು ವೈದ್ಯರು ಕುಳಿತು ಕೇಳಬೇಕು. ನನ್ನ ನಾದಿನಿ ಆ ಲೇಪವನ್ನು ಕೊಂಡದ್ದು ವಿಜ್ಞಾನದ ಮೇಲಿನ ಅಪನಂಬಿಕೆಯಿಂದಲ್ಲ. ತನ್ನ ಮಾತಿಗೆ ಅರ್ಧ ಗಂಟೆ ಕಿವಿಗೊಟ್ಟವರು ಅದನ್ನು ಮಾರುವವರೊಬ್ಬರೇ ಆಗಿದ್ದರಿಂದ.