ಯಂತ್ರದೊಳಗಿನ ಯಂತ್ರಕ್ಕೆ ಸ್ಮೃತಿಯ ಹಂಚಿಕೆ

ಬೆಂಗಳೂರಿನ ಗಣಕಯಂತ್ರ ಸಂಸ್ಥೆಗಳಲ್ಲಿ ದುಡಿಯುವ ನಮ್ಮ ಮಕ್ಕಳು ಹಬ್ಬಕ್ಕೆ ಊರಿಗೆ ಬಂದಾಗ ‘ವಿ.ಎಂ.’ ಎಂಬ ಎರಡಕ್ಷರದ ಮಾತು ಮೇಲಿಂದ ಮೇಲೆ ಕಿವಿಗೆ ಬೀಳುವುದುಂಟು. ವರ್ಚುಯಲ್ ಮಷೀನ್ ಎಂಬುದರ ಸಂಕ್ಷೇಪವದು. ಇಲ್ಲದ್ದನ್ನು ಇದೆಯೆಂದು ತೋರಿಸುವ ಒಂದು ಬಗೆಯ ಮಾಯೆಯೆಂದು ಕೆಲವರು ಇದನ್ನು ಅರ್ಥೈಸುತ್ತಾರೆ. ಅದು ಪೂರ್ಣ ಸರಿಯಲ್ಲ. ಈ ಯಂತ್ರ ಮಾಡುವ ಕೆಲಸ ನಿಜ, ಅದು ನೀಡುವ ಉತ್ತರವೂ ನಿಜ. ಒಡೆತನದ ಭಾವನೆಯೊಂದು ಮಾತ್ರ ಕಲ್ಪಿತ. ಒಂದು ದೊಡ್ಡ ಗಣಕಯಂತ್ರದೊಳಗೆ ತಂತ್ರಾಂಶದ ಬಲದಿಂದ ಹತ್ತಾರು ಯಂತ್ರಗಳನ್ನು ನಿರ್ಮಿಸಿ, ‘ಇದೆಲ್ಲ ನನ್ನದೇ’ ಎಂದು ಪ್ರತಿಯೊಂದೂ ತಿಳಿಯುವಂತೆ ಮಾಡುವ ವ್ಯವಸ್ಥೆಗೆ ಈ ಹೆಸರು. ಹೊರಗಿನ ದೊಡ್ಡ ಯಂತ್ರಕ್ಕೆ ಆತಿಥೇಯ ಯಂತ್ರವೆಂದೂ ಒಳಗಿನವುಗಳಿಗೆ ಅತಿಥಿ ಯಂತ್ರಗಳೆಂದೂ ಈ ವೃತ್ತಿಯವರು ಕರೆಯುತ್ತಾರೆ. ಇವೆಲ್ಲವನ್ನೂ ಆಳುವ ತಂತ್ರಾಂಶವೇ ಹೈಪರ್‌ವೈಸರ್. ಇಂದು ಅನೇಕ ಬ್ಯಾಂಕು, ಆಸ್ಪತ್ರೆ, ವಿದ್ಯಾಲಯಗಳ ಲೆಕ್ಕಪತ್ರಗಳು ಇಂತಹ ಅತಿಥಿ ಯಂತ್ರಗಳಲ್ಲಿಯೇ ನಡೆಯುತ್ತಿರುವುದರಿಂದ, ಇವುಗಳಿಗೆ ಸ್ಮೃತಿಯನ್ನು, ಅಂದರೆ ಮೆಮೊರಿಯನ್ನು, ಹಂಚುವ ಕ್ರಮವನ್ನು ಮನೆಯವರೂ ತಿಳಿದಿರುವುದು ಉಚಿತ.

ಈ ವಿಚಾರ ಹೊಸತೇನೂ ಅಲ್ಲ. ಅಮೆರಿಕದ ಮೆಸಾಚುಸೆಟ್ಸ್ ರಾಜ್ಯದ ಕೇಂಬ್ರಿಜ್‌ನಲ್ಲಿದ್ದ ಐ.ಬಿ.ಎಂ. ಸಂಸ್ಥೆಯ ವಿಜ್ಞಾನ ಕೇಂದ್ರದಲ್ಲಿ ೧೯೬೦ರ ದಶಕದಲ್ಲಿಯೇ ಇದು ರೂಪುಗೊಂಡು, ೧೯೭೨ರಲ್ಲಿ ವಿ.ಎಂ./೩೭೦ ಎಂಬ ಹೆಸರಿನಿಂದ ಪ್ರಕಟವಾಯಿತು. ಅಗ್ಗದ ಸಣ್ಣ ಯಂತ್ರಗಳು ಬಂದ ಮೇಲೆ ಅದರ ಕಡೆಗೆ ಜನರ ಲಕ್ಷ್ಯ ಕಡಿಮೆಯಾಯಿತು. ೧೯೯೮ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ವಿಎಂವೇರ್ ಸಂಸ್ಥೆಯು ಆ ಸಣ್ಣ ಯಂತ್ರಗಳ ಮೇಲೆಯೇ ಹಳೆಯ ವಿದ್ಯೆಯನ್ನು ಮತ್ತೆ ಊರ್ಜಿತಗೊಳಿಸಿತು.

ಗಣಕಯಂತ್ರದ ಲೆಕ್ಕ ಮಾಡುವ ಶಕ್ತಿಯನ್ನು ಹಂಚುವುದು ಸುಲಭ. ಒಂದು ಕ್ಷಣ ಒಬ್ಬರಿಗೆ, ಮರುಕ್ಷಣ ಇನ್ನೊಬ್ಬರಿಗೆ ಎಂದು ಸರದಿ ಹಾಕಿದರೆ ಮುಗಿಯಿತು. ಸ್ಮೃತಿ ಹಾಗಲ್ಲ, ಅದು ಸ್ಥಳ. ಒಬ್ಬನು ಸಾಮಾನು ಇರಿಸಿದ ಕಪಾಟಿನಲ್ಲಿ ಅವನು ತೆಗೆಯುವ ತನಕ ಮತ್ತೊಬ್ಬನು ಇರಿಸಲಾರನು. ಆತಿಥೇಯ ಯಂತ್ರದಲ್ಲಿ ೬೪ ಗಿಗಾಬೈಟ್ ಸ್ಮೃತಿಯಿದೆಯೆನ್ನೋಣ. ಪ್ರತಿ ಅತಿಥಿಗೆ ೪ರಂತೆ ಶಾಶ್ವತವಾಗಿ ಬರೆದುಕೊಟ್ಟರೆ, ಹೈಪರ್‌ವೈಸರ್ ತನ್ನ ಉಪಯೋಗಕ್ಕೆ ಇರಿಸಿಕೊಳ್ಳುವುದನ್ನು ಕಳೆದು ಹೆಚ್ಚೆಂದರೆ ೧೫ ಅತಿಥಿಗಳಿಗೆ ಸಾಲುತ್ತದೆ. ಆದರೆ ಹಾಜರಾತಿಯ ಯಂತ್ರಕ್ಕೆ ಬೆಳಿಗ್ಗೆ ಒಂದು ಗಂಟೆ ಮಾತ್ರ ಅವಸರ, ಪರೀಕ್ಷೆಯ ಫಲಿತಾಂಶ ನೀಡುವ ಯಂತ್ರಕ್ಕೆ ವರ್ಷದಲ್ಲಿ ಒಂದೆರಡು ದಿನ. ಉಳಿದ ಕಾಲವೆಲ್ಲ ಅವುಗಳ ಪಾಲಿನ ಸ್ಮೃತಿ ಬೀಗ ಹಾಕಿದ ಕೋಣೆಯಂತೆ ಬರಿದೇ ಇರುತ್ತದೆ. ಆದುದರಿಂದ ೨೦ ಅತಿಥಿಗಳಿಗೆ ತಲಾ ೪ರಂತೆ ೮೦ ಗಿಗಾಬೈಟ್ ಕೊಡುವೆನೆಂದು ಹೇಳಿ, ಇರುವ ೬೪ರಲ್ಲಿಯೇ ನಿಭಾಯಿಸುವ ಪದ್ಧತಿ ಬಂದಿತು. ಇರುವುದಕ್ಕಿಂತ ಹೆಚ್ಚು ಮಾತು ಕೊಡುವುದು ಇದರ ತಿರುಳು. ಕೊಟ್ಟ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಮುರಿಯುತ್ತದೆ ಎಂಬುದೇ ವಿವೇಚಿಸಬೇಕಾದ ವಿಷಯ.

ಸ್ಮೃತಿಯನ್ನು ‘ಪುಟ’ಗಳಾಗಿ ಎಣಿಸುತ್ತಾರೆ, ಸಾಮಾನ್ಯವಾಗಿ ಒಂದು ಪುಟವೆಂದರೆ ೪ ಕಿಲೋಬೈಟ್. ಅತಿಥಿ ಯಂತ್ರವು ತನ್ನ ಪುಟಗಳನ್ನು ಸೊನ್ನೆಯಿಂದ ಎಣಿಸಿಕೊಂಡು, ಅವೇ ನಿಜವಾದ ಸ್ಮೃತಿಯ ಪುಟಗಳೆಂದು ನಂಬಿರುತ್ತದೆ. ಅದರ ಇಂತಿಷ್ಟನೆಯ ಪುಟ ನಿಜವಾದ ಸ್ಮೃತಿಯಲ್ಲಿ ಎಲ್ಲಿದೆಯೆಂಬ ಪಟ್ಟಿ ಹೈಪರ್‌ವೈಸರಿನ ಕೈಯಲ್ಲಿರುತ್ತದೆ. ಆ ಪಟ್ಟಿಯನ್ನು ತಿದ್ದಿದರೂ ಅತಿಥಿಗೆ ಅರಿವಾಗದು. ಆದ್ದರಿಂದ ಕೊಡುವುದರಲ್ಲಿ ಕಷ್ಟವಿಲ್ಲ. ಕಷ್ಟವಿರುವುದು ಮರಳಿ ಪಡೆಯುವುದರಲ್ಲಿ.

ಯಾವ ಪುಟವನ್ನು ಹಿಂದಕ್ಕೆ ಪಡೆಯಬೇಕು? ಹೊರಗೆ ನಿಂತು ನೋಡುವ ಹೈಪರ್‌ವೈಸರಿಗೆ ಎಲ್ಲ ಪುಟಗಳೂ ಒಂದೇ. ಯಾವುದರಲ್ಲಿ ಮುಖ್ಯ ಲೆಕ್ಕವಿದೆ, ಯಾವುದರಲ್ಲಿ ಕಸವಿದೆ ಎಂಬುದು ಅತಿಥಿಯೊಳಗಿನ ಕಾರ್ಯಾಚರಣ ವ್ಯವಸ್ಥೆಗೆ, ಅಂದರೆ ವಿಂಡೋಸ್‌ಗೋ ಲಿನಕ್ಸ್‌ಗೋ, ಮಾತ್ರ ಗೊತ್ತು. ಹೈಪರ್‌ವೈಸರ್ ಕಣ್ಣು ಮುಚ್ಚಿ ಒಂದು ಪುಟವನ್ನು ಎತ್ತಿ ಡಿಸ್ಕಿಗೆ ಸಾಗಿಸಿತೆನ್ನಿ. ಸ್ವಲ್ಪ ಹೊತ್ತಿನ ಮೇಲೆ ಅತಿಥಿಗೂ ಸ್ಥಳದ ಕೊರತೆಯಾಗಿ, ಬಹುಕಾಲ ಮುಟ್ಟದ ಪುಟವೆಂದು ಅದೇ ಪುಟವನ್ನು ತನ್ನ ಡಿಸ್ಕಿಗೆ ಸಾಗಿಸಲು ಹೊರಡುತ್ತದೆ. ಆಗ ಹೈಪರ್‌ವೈಸರ್ ಅದನ್ನು ಡಿಸ್ಕಿನಿಂದ ಮತ್ತೆ ಸ್ಮೃತಿಗೆ ತರಬೇಕು, ಅತಿಥಿ ಅದನ್ನು ತಕ್ಷಣವೇ ಇನ್ನೊಂದು ಕಡೆ ಡಿಸ್ಕಿಗೆ ಬರೆಯಬೇಕು. ಯಾರಿಗೂ ಬೇಡವಾದ ಒಂದು ಪುಟಕ್ಕಾಗಿ ಇಷ್ಟೆಲ್ಲ ಓಡಾಟ! ಸ್ಮೃತಿಯ ವೇಗದ ಮುಂದೆ ಡಿಸ್ಕಿನ ವೇಗ ತೀರ ಕಡಿಮೆಯಾದುದರಿಂದ, ಇಂತಹ ಓಡಾಟ ಹೆಚ್ಚಿದರೆ ಆ ಯಂತ್ರವನ್ನು ನಂಬಿದವರ ಕೆಲಸವೆಲ್ಲ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಕಂಡುಕೊಂಡ ಉಪಾಯ ನಿಜಕ್ಕೂ ಮೆಚ್ಚತಕ್ಕದ್ದು. ವಿಎಂವೇರ್ ಸಂಸ್ಥೆಯ ಕಾರ್ಲ್ ವಾಲ್ಡ್‌ಸ್ಪರ್ಗರ್ ಎಂಬ ವಿದ್ವಾಂಸರು ೨೦೦೨ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇದನ್ನು ವಿವರಿಸಿದರು. ಇದರ ಹೆಸರು ಬಲೂನು. ನಮ್ಮ ಕಡೆಯ ಮಕ್ಕಳ ಮಾತಿನಲ್ಲಿ ಪುಗ್ಗಾ. ಪ್ರತಿ ಅತಿಥಿಯೊಳಗೂ ಹೈಪರ್‌ವೈಸರಿಗೆ ನಿಷ್ಠವಾದ ಒಂದು ಸಣ್ಣ ತಂತ್ರಾಂಶವನ್ನು ಇರಿಸುತ್ತಾರೆ. ಆತಿಥೇಯನಲ್ಲಿ ಸ್ಮೃತಿ ಕಡಿಮೆಯಾದಾಗ ಈ ತಂತ್ರಾಂಶವು ಅತಿಥಿಯ ವ್ಯವಸ್ಥೆಯನ್ನು ‘ನನಗೆ ಇಷ್ಟು ಪುಟಗಳು ಬೇಕು’ ಎಂದು ಕೇಳುತ್ತದೆ. ತನ್ನಲ್ಲಿಯ ಕಾರ್ಯಕ್ರಮವೊಂದು ಕೇಳುತ್ತಿದೆಯೆಂದು ಬಗೆದ ಆ ವ್ಯವಸ್ಥೆಯು ಮೊದಲು ಖಾಲಿ ಪುಟಗಳನ್ನೂ, ಅವು ಸಾಲದಿದ್ದರೆ ತನಗೆ ಅತ್ಯಂತ ಕಡಿಮೆ ಬೇಕಾದ ಪುಟಗಳನ್ನು ತೆರವು ಮಾಡಿಯೂ ಕೊಡುತ್ತದೆ. ಬಲೂನು ಅವುಗಳಲ್ಲಿ ಏನನ್ನೂ ಬರೆಯದು. ಹಿಡಿದುಕೊಂಡು, ಅವುಗಳ ಸಂಖ್ಯೆಯನ್ನು ಹೈಪರ್‌ವೈಸರಿಗೆ ಒಪ್ಪಿಸುತ್ತದೆ. ಹೈಪರ್‌ವೈಸರ್ ಆ ಪುಟಗಳ ಹಿಂದಿನ ನಿಜವಾದ ಸ್ಥಳವನ್ನು ಕೊರತೆಯಲ್ಲಿರುವ ಇನ್ನೊಂದು ಅತಿಥಿಗೆ ಕೊಡುತ್ತದೆ. ಕಾಲ ಸರಿಹೋದ ಮೇಲೆ ಬಲೂನು ಕುಗ್ಗಿ, ಪುಟಗಳು ಮೊದಲಿನ ಯಂತ್ರಕ್ಕೆ ಮರಳುತ್ತವೆ. ಯಾವುದನ್ನು ಬಿಡಬೇಕೆಂಬ ತೀರ್ಮಾನವನ್ನು ತಿಳಿದವನ ಕೈಯಲ್ಲಿಯೇ ಬಿಟ್ಟದ್ದು ಇದರ ಹೆಚ್ಚಳ.

ಇನ್ನು ಯಾರಿಂದ ಎಷ್ಟು ಪಡೆಯಬೇಕು? ಪ್ರತಿ ಅತಿಥಿಗೂ ಅದರ ಮಹತ್ವಕ್ಕೆ ತಕ್ಕಂತೆ ಪಾಲುಗಳನ್ನು ಗೊತ್ತುಮಾಡಿರುತ್ತಾರೆ. ಆದರೆ ಹೆಚ್ಚು ಪಾಲುಳ್ಳವನು ಬಳಸದೆ ಇಟ್ಟುಕೊಂಡು ಕುಳಿತರೆ, ಕಡಿಮೆ ಪಾಲಿನ ಕಷ್ಟಜೀವಿ ಉಪವಾಸ ಬೀಳುತ್ತಾನೆ. ಅದಕ್ಕಾಗಿ ಮೇಲೆ ಹೇಳಿದ ಪ್ರಬಂಧದಲ್ಲಿ ಬರಿದೇ ಇರುವ ಸ್ಮೃತಿಯ ಮೇಲೆ ಒಂದು ತೆರಿಗೆಯನ್ನೇ ವಿಧಿಸಿದ್ದಾರೆ! ಅದರ ರೂಢಿಯ ದರ ಶೇಕಡಾ ೭೫. ಅಂದರೆ ಬಳಸದ ಒಂದು ಪುಟವನ್ನು ಇರಿಸಿಕೊಳ್ಳಲು ಬಳಸುವ ಪುಟದ ನಾಲ್ಕು ಪಟ್ಟು ಬೆಲೆ ತೆರಬೇಕು. ಬಳಸುತ್ತಿರುವುದು ಎಷ್ಟೆಂದು ತಿಳಿಯಲು ಎಲ್ಲ ಪುಟಗಳನ್ನೂ ಕಾಯಬೇಕಾಗಿಲ್ಲ. ಪ್ರತಿ ೩೦ ಸೆಕೆಂಡಿನ ಅವಧಿಯಲ್ಲಿ ಮನಬಂದಂತೆ ಆರಿಸಿದ ೧೦೦ ಪುಟಗಳಲ್ಲಿ ಎಷ್ಟನ್ನು ಅತಿಥಿ ಮುಟ್ಟಿತೆಂದು ನೋಡಿ ಅಂದಾಜು ಮಾಡುತ್ತಾರೆ. ಅನ್ನ ಬೆಂದಿತೇ ಎಂದು ನೋಡಲು ಅಗುಳನ್ನು ಹಿಸುಕುವ ನಮ್ಮ ತಾಯಂದಿರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಲವು ಅತಿಥಿಗಳಲ್ಲಿ ಒಂದೇ ಬಗೆಯ ಪುಟವಿದ್ದರೆ ಒಂದೇ ಪ್ರತಿಯನ್ನು ಇರಿಸಿ ಎಲ್ಲರಿಗೂ ತೋರಿಸುವ ಇನ್ನೊಂದು ಉಪಾಯವೂ ಇತ್ತು. ಇದರಿಂದ ಒಂದು ಅತಿಥಿಯ ರಹಸ್ಯವನ್ನು ಮತ್ತೊಂದು ಊಹಿಸಬಹುದೆಂದು ಸಂಶೋಧಕರು ತೋರಿಸಿದ ಮೇಲೆ, ಬೇರೆ ಬೇರೆ ಅತಿಥಿಗಳ ನಡುವಣ ಈ ಹಂಚಿಕೆಯನ್ನು ಸಹಜವಾಗಿ ನಿಲ್ಲಿಸಿಯೇ ಇರಿಸುವುದಾಗಿ ವಿಎಂವೇರ್ ೨೦೧೪ರಲ್ಲಿ ಪ್ರಕಟಿಸಿತು.

ಮೈಕ್ರೋಸಾಫ್ಟ್ ಸಂಸ್ಥೆಯು ತನ್ನ ಹೈಪರ್-ವಿ ಎಂಬ ಹೈಪರ್‌ವೈಸರಿಗೆ ‘ಡೈನಾಮಿಕ್ ಮೆಮೊರಿ’ಯನ್ನು ಸೇರಿಸಿದ್ದು ೨೦೧೧ರಲ್ಲಿ. ಅದರ ನಡೆ ಸ್ವಲ್ಪ ಬೇರೆ. ಅಲ್ಲಿ ಮೊದಲೇ ದೊಡ್ಡದನ್ನು ತೋರಿಸಿ ಆಮೇಲೆ ಕಿತ್ತುಕೊಳ್ಳುವುದಿಲ್ಲ. ಆರಂಭಕ್ಕೆ ಬೇಕಾದಷ್ಟನ್ನು ಕೊಟ್ಟು, ಬೇಡಿಕೆ ಏರಿದಂತೆ ನಡೆಯುತ್ತಿರುವ ಯಂತ್ರಕ್ಕೇ ಹೊಸ ಸ್ಮೃತಿಯನ್ನು ಕೂಡಿಸುತ್ತ, ನಿಶ್ಚಿತವಾದ ಮೇಲಿನ ಮಿತಿಯವರೆಗೆ ಹೋಗುತ್ತದೆ. ಮರಳಿ ಪಡೆಯಲು ಮಾತ್ರ ಬಲೂನನ್ನೇ ಬಳಸುತ್ತದೆ. ಅತಿಥಿಯ ಬೇಡಿಕೆಯ ಮೇಲೆ ಶೇಕಡಾ ೨೦ರಷ್ಟು ಹೆಚ್ಚನ್ನು ಒದಗಿಸಬೇಕೆಂಬುದು ರೂಢಿಯ ಏರ್ಪಾಡು. ಯಂತ್ರ ಏಳುವಾಗ ಬೇಕಾದ ಸ್ಮೃತಿ, ಎದ್ದು ಸುಮ್ಮನಿರುವಾಗ ಬೇಕಾಗುವುದಕ್ಕಿಂತ ಹೆಚ್ಚು. ಆದ್ದರಿಂದ ೨೦೧೨ರ ಆವೃತ್ತಿಯಲ್ಲಿ ಆರಂಭದ ಅಳತೆಗಿಂತಲೂ ಕೆಳಗಿನ ಕನಿಷ್ಠ ಮಿತಿಯನ್ನು ಬೇರೆಯಾಗಿ ಗೊತ್ತುಪಡಿಸಲು ಅವಕಾಶ ಮಾಡಿದರು. ಹಾಗೆ ಇಳಿದ ಯಂತ್ರವನ್ನು ನಿಲ್ಲಿಸಿ ಮತ್ತೆ ಎಬ್ಬಿಸುವಾಗ ಸ್ಥಳವೇ ಇಲ್ಲದಿದ್ದರೆ, ಸ್ವಲ್ಪ ಕಾಲ ಡಿಸ್ಕನ್ನೇ ಸ್ಮೃತಿಯಂತೆ ಬಳಸುವ ಆಪತ್ಕಾಲದ ವ್ಯವಸ್ಥೆಯೂ ಅದರೊಡನೆ ಬಂದಿತು.

ಇಷ್ಟಾದರೂ ಬಲೂನಿಗೆ ಹಿಗ್ಗಲು ಸಮಯ ಬೇಕು. ಫಲಿತಾಂಶದ ದಿನ, ಸಂಬಳದ ದಿನ, ತೆರಿಗೆ ಕಟ್ಟುವ ಕೊನೆಯ ದಿನ ಒಂದೇ ಆಗಿ, ಎಲ್ಲ ಅತಿಥಿಗಳೂ ತಮಗೆ ಹೇಳಿದ ಪೂರ್ಣ ಪಾಲನ್ನು ಒಮ್ಮೆಗೇ ಕೇಳಿದರೆ ಯಾರಿಂದಲೂ ಪಡೆಯಲು ಏನೂ ಉಳಿಯದು. ಆ ಪ್ರಬಂಧದ ಕಾಲದ ವಿಎಂವೇರ್ ವ್ಯವಸ್ಥೆಯಲ್ಲಿ ಆತಿಥೇಯನ ಬಳಿ ಉಳಿದ ಸ್ಮೃತಿ ಶೇಕಡಾ ೪ಕ್ಕೆ ಇಳಿದಾಗ ಬಲೂನಿನ ಕೆಲಸ, ೨ಕ್ಕೆ ಇಳಿದಾಗ ಬಲವಂತವಾಗಿ ಡಿಸ್ಕಿಗೆ ಸಾಗಿಸುವ ಕೆಲಸ, ೧ಕ್ಕೆ ಇಳಿದರೆ ಮಿತಿ ಮೀರಿದ ಅತಿಥಿಗಳನ್ನು ತಡೆದು ನಿಲ್ಲಿಸುವ ಕೆಲಸ ಎಂದು ಮೆಟ್ಟಿಲುಗಳನ್ನು ಮಾಡಿದ್ದರು. ಆ ಕೊನೆಯ ಮೆಟ್ಟಿಲಿನ ಮೇಲೆ ಆಸ್ಪತ್ರೆಯ ಯಂತ್ರ ನಿಂತಿದ್ದರೆ ಅದರ ಕಷ್ಟವನ್ನು ಊಹಿಸಬಹುದು.

ಕೆಲವು ತಂತ್ರಾಂಶಗಳ ಸ್ವಭಾವಕ್ಕೂ ಈ ಪದ್ಧತಿ ಒಗ್ಗದು. ದತ್ತಾಂಶವನ್ನು ಕಾಯುವ ತಂತ್ರಾಂಶಗಳು ವೇಗಕ್ಕಾಗಿ ಸಿಕ್ಕ ಸ್ಮೃತಿಯನ್ನೆಲ್ಲ ತುಂಬಿಕೊಳ್ಳುತ್ತವೆ. ಅವುಗಳಿಂದ ಕಿತ್ತುಕೊಂಡರೆ ಆ ವೇಗವೇ ಹೋಗುತ್ತದೆ. ತನ್ನದೇ ಆದ ಎಕ್ಸ್‌ಚೇಂಜ್ ಎಂಬ ಅಂಚೆಯ ತಂತ್ರಾಂಶಕ್ಕೆ ಡೈನಾಮಿಕ್ ಮೆಮೊರಿಯ ಬೆಂಬಲವಿಲ್ಲವೆಂದು ಮೈಕ್ರೋಸಾಫ್ಟ್ ಸಂಸ್ಥೆಯೇ ಹೇಳಿರುವುದು ಗಮನಾರ್ಹ. ಕಲಿಕೆಯ ಯಂತ್ರ, ಪರೀಕ್ಷಾರ್ಥ ಯಂತ್ರ, ದಿನಕ್ಕೊಮ್ಮೆ ಎಚ್ಚರಾಗುವ ಯಂತ್ರಗಳಿಗೆ ಧಾರಾಳವಾಗಿ ಮಾತು ಕೊಡಬಹುದು. ಹಣದ ಲೆಕ್ಕ ಮತ್ತು ರೋಗಿಯ ವಿವರವಿರುವ ಯಂತ್ರಗಳಿಗೆ ಅವುಗಳ ಪಾಲನ್ನು ಕಾದಿರಿಸಿಯೇ ಕೊಡಬೇಕೆಂಬುದು ನನ್ನ ಅಭಿಮತ. ಇದಕ್ಕಾಗಿ ‘ರಿಸರ್ವೇಶನ್’ ಎಂಬ ಏರ್ಪಾಡನ್ನು ವಿಎಂವೇರ್ ಒದಗಿಸಿಯೇ ಇದೆ. ಈ ಯಂತ್ರಗಳನ್ನು ನೋಡಿಕೊಳ್ಳುವ ಮಕ್ಕಳು ಬಲೂನು ಸ್ವಲ್ಪ ಹಿಗ್ಗಿದುದನ್ನು ಕಂಡು ಗಾಬರಿಯಾಗಬೇಕಿಲ್ಲ. ಆತಿಥೇಯನೇ ಪುಟಗಳನ್ನು ಡಿಸ್ಕಿಗೆ ಸಾಗಿಸತೊಡಗಿದೆಯೆಂದು ಕಂಡರೆ ಮಾತ್ರ, ಅಂದೇ ಒಂದೆರಡು ಅತಿಥಿಗಳನ್ನು ಬೇರೆ ಆತಿಥೇಯನ ಮನೆಗೆ ಕಳುಹಿಸಬೇಕು, ಇಲ್ಲವೇ ಹೊಸ ಸ್ಮೃತಿಯನ್ನು ಕೊಂಡು ತರಬೇಕು.